ನೆಪ ಕೊಡದ ಕೋವಿ

ಹೋದ ವಾರ ಬರ್ಕ್ಲಿಗೆ ಹೋಗುವಾಗ ಫ್ರೀವೇಯಲ್ಲಿ ಕಾರುಗಳು ಎಮ್ಮೆ ಹಿಂಡಿನಂತೆ ನಿಂತುಬಿಟ್ಟವು. ಪಕ್ಕದಲ್ಲಿ ಕೂತಿದ್ದ ಮೊಮ್ಮಗಳು ಇಂಚರ ಹೊತ್ತು ಹೋಗದೆ ಚೀಲದಿಂದ ಪುಟ್ಟ ಸೀಸೆ ತೆಗೆದು ಉಗುರಿಗೆ ಬಣ್ಣ ಹಚ್ಚತೊಡಗಿದಳು. ಕಿಟಕಿ ಮುಚ್ಚಿತ್ತು. ಕಳಿತ ಬಾಳೆಹಣ್ಣಿಗೆ ಸೀಮೆಎಣ್ಣೆ ಬೆರೆಸಿದಂಥ ವಾಸನೆ ಮೂಗಿಗೆ ಹೊಡೆಯಿತು.

"ಅದನ್ನ ಮುಚ್ಚು," ಅಂದೆ.

"ಇಟ್ಸ್ ಜಸ್ಟ್ ನೇಲ್ ಪಾಲಿಶ್, ಅಜ್ಜಿ."

"ಗೊತ್ತು. ಕೋವಿ ವಾಸನೆ ಬರ್ತದೆ."

ಹುಡುಗಿ ನನ್ನ ಮುಖ ನೋಡಿ ಸೀಸೆ ಮುಚ್ಚಿದಳು. ಕಾರು ಓಡಿಸುತ್ತಿದ್ದ ನನ್ನ ಮಗಳು ಗೀತಾ ಕಿಟಕಿ ಇಳಿಸಿದಳು. ಅವಳಿಗೂ ಆ ವಾಸನೆ ಗೊತ್ತು. ನಾಲ್ಕು ವರ್ಷದ ಹಿಂದೆ, ಇಲ್ಲಿಯ ಬೇಸಗೆ ನಡುವಿನಿಂದ ದಸರಾ ಮುಗಿಯುವವರೆಗೆ, ನಮ್ಮ ಗರಾಜಿನ ತುಂಬ ಅದೇ ವಾಸನೆ. ಕೋವಿಯ ನಳಿಗೆ ತೊಳೆಯುವ ಔಷಧಿಯದು. ತೊಳೆಯುತ್ತಿದ್ದವಳು ನಾನು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಕೋವಿಯ ವಿಷಯ ನನಗೇನು ಗೊತ್ತು ಎಂದು ನಗುವವರು ನಗಲಿ. ಕಲಿಯಬೇಕೆಂದು ಕಲಿತೆ, ಕಾರಣ ಇತ್ತು.

ಅಳಿಯಂದಿರು ಮಹೇಶ ಕಂಪ್ಯೂಟರ್ ಕೆಲಸದವರು. ಕೋಳಿ ಕುಯ್ಯುವುದನ್ನೂ ನಿಂತು ನೋಡಿದವರಲ್ಲ. ಆಫೀಸಿನ ಗೆಳೆಯನೊಬ್ಬ ಅವರನ್ನು ಹಂದಿ ಬೇಟೆಗೆ ಕರೆದುಕೊಂಡು ಹೋದ. ಬಂದವರೇ ಪರೀಕ್ಷೆಗೆ ಕೂತರು, ಲೈಸೆನ್ಸು ಮಾಡಿಸಿದರು, ಆಮೇಲೆ ಹೊಸ ರೈಫಲ್ಲೊಂದನ್ನು ತಂದು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಗೀತಾ ಎರಡು ದಿನ ಗಂಡನ ಜೊತೆ ಮಾತು ಬಿಟ್ಟಳು. ನಾವಿರುವ ಸ್ಯಾನ್ ಹೊಸೆಯ ಸುತ್ತಲ ಒಣ ಬೆಟ್ಟಗಳಲ್ಲೂ ಕಾಡುಹಂದಿ ಇವೆ ಎಂದು ನನಗೆ ಗೊತ್ತಾದದ್ದು ಆವಾಗಲೇ. ಈ ದೇಶದ ಮೇಲಿದ್ದ ಅಷ್ಟಿಷ್ಟು ನಂಬಿಕೆಯೂ ಅಂದು ಹೋಯಿತು.

ನನ್ನ ಯಜಮಾನರನ್ನು ತಿವಿದು ಕೊಂದದ್ದು ಕಾಡುಹಂದಿ. ಆದರೆ ಹಂದಿಗೆ ಬುದ್ಧಿಯಿಲ್ಲ. ಬುದ್ಧಿ ಇದ್ದವರ ಮೇಲಿನ ಸಿಟ್ಟೇ ಬೇರೆ.

ನಮ್ಮದು ಹಾಸನದ ಕಡೆ, ಆಲೂಗೆಡ್ಡೆ ಬೆಳೆಯುವ ಊರು. ಆಗ ಗೀತಾ ಆರು ತಿಂಗಳ ಕೂಸು. ಗೆಡ್ಡೆ ಬಲಿಯುವ ಹೊತ್ತಿಗೆ ಹಂದಿಗಳು ಹೊಲಕ್ಕೆ ನುಗ್ಗುತ್ತಿದ್ದವು. ಯಜಮಾನರ ಅಣ್ಣ, ಅಂದರೆ ನನ್ನ ಭಾವ, ಮನೆಯ ಹಳೇ ಕೋವಿ ಹಿಡಿದು ಅಟ್ಟಣೆಯ ಮೇಲೆ ಕಾವಲು ಕೂರುತ್ತಿದ್ದರು. ಒಂದು ಸಂಜೆ ಗುಂಡು ಹಾರಿಸಿ ಮನೆಗೆ ಬಂದು, "ತಪ್ಪೋಯ್ತು, ಈ ಕೋವಿ ಸೊಟ್ಟ," ಅಂದು ಉಂಡು ಮಲಗಿದರು. ಬೆಳಿಗ್ಗೆ ನಮ್ಮವರು ಗೆಡ್ಡೆ ಕೀಳಲು ಹೋದರು. ಹಂದಿ ಬೇಲಿಯ ಮರೆಯಲ್ಲಿ ಮಲಗಿತ್ತು. ಆಮೇಲೆ ಊರಿನವರು ಸೇರಿ ಅದನ್ನು ಬಡಿದು ಹಾಕಿದಾಗ ಹಿಂದಿನ ತೊಡೆಯಲ್ಲಿ ಹಿಂದಿನ ದಿನದ ಗುಂಡೇಟು ಇತ್ತು. ಗಾಯಗೊಂಡ ಹಂದಿ ಅಲ್ಲಿದೆ ಎಂದು ಗೊತ್ತಿದ್ದರೆ ಆ ಹೊಲಕ್ಕೆ ನಾಯಿಯೂ ಕಾಲಿಡುತ್ತಿರಲಿಲ್ಲ.

"ಎದೆಗೆ ಗುರಿ ಇಟ್ಟೆ. ಪೂರ್ತಿ ತಪ್ಪೋಯ್ತು ಅಂದ್ಕೊಂಡೆ. ಕೋವಿ ಸೊಟ್ಟ." ಇದನ್ನೇ ಭಾವ ಪೊಲೀಸರ ಮುಂದೆ ಹೇಳಿದರು, ತಿಥಿಯ ಊಟದಲ್ಲೂ ಹೇಳಿದರು. ಎಲ್ಲರೂ ನಂಬಿದರು. ನಾನು ನಂಬಲಿಲ್ಲ. ಕೈ ನಡುಗಿದೆ, ಹೆದರಿ ಕಣ್ಣು ಮುಚ್ಚಿದ್ದಾರೆ, ತಮ್ಮ ತಪ್ಪನ್ನು ಕಬ್ಬಿಣದ ತಲೆಗೆ ಕಟ್ಟಿದ್ದಾರೆ ಎಂದೇ ತಿಳಿದೆ. ಆದರೆ ಕೇಳುವುದು ಹೇಗೆ? ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರು ಕೂರುವಂತಿಲ್ಲ, ಮುಖಕ್ಕೆ ಮುಖ ಕೊಟ್ಟು ಮಾತಾಡುವಂತಿಲ್ಲ. "ಊಟಕ್ಕೆ ಬರ್ಬೇಕಂತೆ" ಎಂದು ಗೋಡೆಗೆ ಹೇಳಬೇಕು, ಅವರು ಕೇಳಿಸಿಕೊಳ್ಳಬೇಕು. ನಲವತ್ತು ವರ್ಷ ನಾನು ಗೋಡೆಗೇ ಹೇಳಿದೆ.

ಇನ್ನೊಂದನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಗೀತಾಳನ್ನು ಇಂಜಿನಿಯರಿಂಗ್ ಓದಿಸಿದ್ದು ಆ ಭಾವನೇ. ಮದುವೆಯಲ್ಲಿ ಧಾರೆ ಎರೆದದ್ದೂ ಅವರೇ. ಅವಳಿಗೆ ದೊಡ್ಡಪ್ಪ ಅಂದರೆ ಅಪ್ಪ. ನಾನು ಅವರ ಮನೆಯ ಅನ್ನ ತಿಂದೆ, ದ್ವೇಷವನ್ನೂ ತಿಂದೆ. ಅನ್ನ ಅರಗಿತು.

ಆ ವರ್ಷ ಸ್ಯಾನ್ ಹೊಸೆಯಲ್ಲಿದ್ದ ಅವರ ಮಗ ಗ್ರೀನ್ ಕಾರ್ಡು ಮಾಡಿಸಿ ಅವರನ್ನು ಕರೆಸಿಕೊಂಡಿದ್ದ. ಭಾನುವಾರ ಬಂದರೆ ಭಾವನ ಊಟ ನಮ್ಮ ಮನೆಯಲ್ಲಿ. ಎಪ್ಪತ್ತಾರು ವಯಸ್ಸು. ಕಾಫಿ ಲೋಟ ಹಿಡಿದರೆ ಕೈ ನಡುಗಿ ಪಂಚೆ ಮೇಲೆ ಚೆಲ್ಲುತ್ತಿತ್ತು. ಅಡುಗೆಮನೆಯಿಂದ ಅದನ್ನು ನೋಡಿ ನನಗೆ ಖುಷಿಯಾಗುತ್ತಿತ್ತು. ಹೊಸ ರೈಫಲ್ಲಿನ ಸುದ್ದಿ ಕೇಳಿದ್ದೇ ತಡ, ಬೇಟೆ ಕಥೆ ಶುರುಮಾಡಿದರು. ಕೊನೆಗೆ ಅನ್ನಕ್ಕೆ ಎರಡನೇ ಸಲ ಸಾರು ಬಡಿಸಿಕೊಳ್ಳುತ್ತ ಮಹೇಶನಿಗೆ ಅಂದರು:

"ನನ್ ಕೈಯಾಗೆ ಆವಾಗ ಇಂಥದೊಂದು ನೆಟ್ಟಗಿರೋ ಕೋವಿ ಇದ್ದಿದ್ರೆ, ನನ್ ತಮ್ಮ ಇವತ್ತೂ ಇರೋನು ಕಣಪ್ಪ. ಆ ಹಾಳಾದ್ದು ಸೊಟ್ಟ ಇತ್ತು."

ಗೀತಾ ಅವರ ಬೆನ್ನು ಸವರಿದಳು. ನಾನು ಸಾರಿನ ಪಾತ್ರೆ ಹಿಡಿದುಕೊಂಡು ನಿಂತಲ್ಲೇ ತೀರ್ಮಾನ ಮಾಡಿದೆ. ನೆಟ್ಟಗಿರುವ ಕೋವಿ ತಾನೇ ಬೇಕು? ಕೊಡುತ್ತೇನೆ. ಕೂದಲೆಳೆಯಷ್ಟೂ ಸೊಟ್ಟ ಇಲ್ಲದ ಕೋವಿಯನ್ನು, ಗೀತಾಳ ಕಣ್ಣೆದುರಿಗೆ, ಆ ನಡುಗುವ ಕೈಗೆ ಕೊಡುತ್ತೇನೆ. ತಪ್ಪು ಯಾರದ್ದೆಂದು ಅವಳು ನೋಡಲಿ.

ಮಾರನೆಯ ದಿನ ಮಹೇಶನಿಗೆ ಹೇಳಿದೆ: "ಆ ಕೋವಿ ತೊಳೆಯೋದು ನಂಗೆ ಕಲಿಸಿ. ನೀವು ಹೊಡೀರಿ, ನಾನು ತೊಳೀತೀನಿ."

ಅವರು ತಮಾಷೆ ಅಂದುಕೊಂಡರು. ನನ್ನ ಮುಖ ನೋಡಿ ಆಮೇಲೆ ಹೇಳಿಕೊಟ್ಟರು. ಹೊಸ ನಳಿಗೆಯ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ತರಿ ಇರುತ್ತದಂತೆ. ಗುಂಡು ಹೋಗುವಾಗ ಅದರ ತಾಮ್ರ ತರಿಗೆ ಅಂಟಿಕೊಳ್ಳುತ್ತದೆ. ಅದಕ್ಕೇ ಮೊದಮೊದಲು ಒಂದು ಗುಂಡು ಹೊಡೆಯಬೇಕು, ಒಂದು ಸಲ ತೊಳೆಯಬೇಕು. ಮತ್ತೆ ಒಂದು ಗುಂಡು, ಮತ್ತೆ ತೊಳೆಯಬೇಕು. ಹೀಗೆ ನಳಿಗೆ ನುಣುಪಾಗುವವರೆಗೆ.

"ಕೆಲವರು ಇದೆಲ್ಲ ವೇಸ್ಟ್ ಆಫ್ ಟೈಮು ಅಂತಾರೆ ಅತ್ತೆ," ಅಂದರು ಮಹೇಶ.

"ಕಾವಲಿ ಪಳಗಿಸೋದೂ ವೇಸ್ಟು ಅಂತಾರೆ. ಆಮೇಲೆ ದೋಸೆನ ಕೆರ್ಕೊಂಡು ತಿಂತಾರೆ."

ಪ್ರತಿ ಶನಿವಾರ ಬೆಳಿಗ್ಗೆ ಬೆಟ್ಟದ ಮೇಲಿನ ರೇಂಜಿಗೆ ಹೋಗುತ್ತಿದ್ದೆವು. ಕಾಸು ಕೊಟ್ಟು ಗುರಿ ಹೊಡೆಯುವ ಮೈದಾನ ಅದು. ಹುಲ್ಲೆಲ್ಲ ಒಣಗಿ ಬೆಟ್ಟಗಳು ರಾಗಿ ಕೊಯ್ದ ಹೊಲದಂತೆ ಕೂಳೆ ಬಣ್ಣಕ್ಕೆ ತಿರುಗಿದ್ದವು. ಸದ್ದು ತಡೆಯಲು ಕಿವಿಗೆ ದೊಡ್ಡ ಬಟ್ಟಲಿನಂಥದ್ದು ಹಾಕಿಕೊಂಡು, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾನು ಬೆಂಚಿನ ಹಿಂದೆ ಕೂರುತ್ತಿದ್ದೆ. ನನ್ನ ಹಳೇ ನೂಲಿನ ಸೀರೆಯೊಂದನ್ನು ಕತ್ತರಿಸಿ ಚೌಕ ಚೌಕ ಚೂರು ಮಾಡಿ ಡಬ್ಬಿಯಲ್ಲಿ ತಂದಿದ್ದೆ. ಒಂದು ಗುಂಡು ಹೊಡೆದಾದ ಮೇಲೆ ಉದ್ದನೆಯ ಸರಳಿಗೆ ಬಟ್ಟೆ ಚೂರು ಸಿಕ್ಕಿಸಿ, ಔಷಧಿಯಲ್ಲಿ ಅದ್ದಿ, ನಳಿಗೆಯ ಹಿಂದಿನಿಂದ ಮುಂದಕ್ಕೆ ತಳ್ಳಬೇಕು. ಹಿಂದಕ್ಕೆ ಮುಂದಕ್ಕೆ ಉಜ್ಜಬಾರದು. ಬಟ್ಟೆ ನವಿಲುಬಣ್ಣವಾಗಿ ಹೊರಗೆ ಬರುತ್ತಿತ್ತು. ಅದೇ ತಾಮ್ರ. ಈ ರಾಜ್ಯದಲ್ಲಿ ಬೇಟೆಗೆ ಸೀಸದ ಗುಂಡು ಬಳಸುವಂತಿಲ್ಲವಂತೆ, ತಾಮ್ರದ್ದೇ ಆಗಬೇಕಂತೆ. ಸತ್ತ ಪ್ರಾಣಿಯನ್ನು ತಿಂದ ಹದ್ದುಗಳು ಆ ಸೀಸದಿಂದ ಸಾಯುತ್ತವಂತೆ. ಹದ್ದಿಗೊಂದು ಕಾನೂನು ಇದೆ ಇಲ್ಲಿ. ನಮ್ಮವರಿಗೆ ಯಾವುದೂ ಇರಲಿಲ್ಲ.

ಒಂದೊಂದು ಗುಂಡಿಗೂ ಬಟ್ಟೆಯ ಬಣ್ಣ ತಿಳಿಯಾಗುತ್ತ ಬಂತು. ಮೂರನೇ ವಾರಕ್ಕೆ ಹೆಚ್ಚುಕಡಿಮೆ ಬಿಳಿಯಾಗಿಯೇ ಬಂತು. ನಳಿಗೆ ಪಳಗಿತು ಅಂದುಕೊಂಡರೆ, ಗುಂಡುಗಳು ಮಾತ್ರ ಗುರಿಯ ಕಾಗದದ ಮೇಲೆ ಮೊರದಗಲ ಚೆದುರಿ ಬೀಳುತ್ತಿದ್ದವು. ಮಹೇಶ ಗಾಳಿಯನ್ನು ಬೈದರು, ಗುಂಡನ್ನು ಬೈದರು. ನನಗೆ ಆ ಮಾತು ಕೇಳಿ ಮೈ ಉರಿಯಿತು. ಇದೇ ಜಾತಿಯ ಮಾತನ್ನೇ ನಲವತ್ತು ವರ್ಷ ಕೇಳಿದವಳು ನಾನು. ಮನೆಗೆ ಬಂದು ಒರೆಸುವಾಗ ಕೋವಿಯ ಮೇಲೆ ಕೂರಿಸಿದ್ದ, ಗುರಿ ನೋಡುವ ದುರ್ಬೀನನ್ನು ಬೆರಳಲ್ಲಿ ಅಲ್ಲಾಡಿಸಿ ನೋಡಿದೆ. ಹಾಲುಹಲ್ಲಿನಂತೆ ಚೂರೇ ಚೂರು ಅಲ್ಲಾಡಿತು.

"ಮಹೇಶ, ಇಲ್ಲಿ ನೋಡಿ. ಇದರ ಹಲ್ಲು ಸಡಿಲ."

ಅಡಿಯ ತಿರುಪು ಸಡಿಲವಾಗಿತ್ತು. ಅವರು ನಾಚಿಕೊಂಡು ಬಿಗಿ ಮಾಡಿದರು. ಮುಂದಿನ ವಾರ ಮೊರದಗಲವಿದ್ದದ್ದು ಅಂಗೈಯಗಲವಾಯಿತು. ಆಮೇಲೆ ನಾಲ್ಕು ಬಗೆಯ ಗುಂಡು ತಂದು ಹೊಡೆದು ನೋಡಿದೆವು. ಕೆಲವು ಹಸು ಕೆಲವರ ಕೈಗೇ ಹಾಲು ಬಿಡುವಂತೆ, ಈ ಕೋವಿಗೂ ಮೂರನೇ ಡಬ್ಬಿಯ ಗುಂಡೇ ಇಷ್ಟ. ನಳಿಗೆ ಬಿಸಿಯಾದರೆ ಗುಂಡು ಮೇಲಕ್ಕೆ ಏರುತ್ತದೆ ಅನ್ನುವುದೂ ತಿಳಿಯಿತು. ಮೂರು ಹೊಡೆದ ಮೇಲೆ ನಾನು ನಳಿಗೆ ಮುಟ್ಟಿ ನೋಡಿ, ತಣ್ಣಗಾಗುವವರೆಗೆ ಮಹೇಶನ ಕೈಗೆ ಚಕ್ಕುಲಿ ಕೊಟ್ಟು ಕೂರಿಸುತ್ತಿದ್ದೆ.

ನಡುವೆ ಎರಡು ವಾರ ಎಲ್ಲೋ ಕಾಡಿಗೆ ಬೆಂಕಿ ಬಿದ್ದು ಊರೆಲ್ಲ ಹೊಗೆ ಕವಿಯಿತು. ಕಾರಿನ ಮೇಲೆ ಬೂದಿ, ಸೂರ್ಯ ಕೆಂಪು ಟೊಮೇಟೊ ಹಣ್ಣು. ರೇಂಜು ಮುಚ್ಚಿತು. ನಾನು ಬಿಡಲಿಲ್ಲ. ಗರಾಜಿನ ಗೋಡೆಗೆ ನನ್ನ ಹಣೆಯ ಸ್ಟಿಕ್ಕರ್ ಬೊಟ್ಟು ಅಂಟಿಸಿ, ಖಾಲಿ ಕೋವಿಯಲ್ಲಿ ದಿನವೂ ಇಪ್ಪತ್ತು ಸಲ ಗುರಿ ಹಿಡಿಸಿದೆ. ಮಹೇಶ ಬೆರಳಲ್ಲಿ ಕೋವಿಯ ಕುದುರೆ ಎಳೆಯುವ ಮೊದಲೇ ರೆಪ್ಪೆ ಮುಚ್ಚುತ್ತಿದ್ದರು.

"ಎಳೀಬೇಡಿ. ಹಾಲು ಕರೆಯೋ ಹಂಗೆ ಮೆತ್ತಗೆ ಹಿಂಡಿ."

"ಅತ್ತೆ, ನಾನು ಯಾವತ್ತು ಹಾಲು ಕರ್ದಿದೀನಿ?"

"ಅದೂ ಒಂದು ಕಲೀದೇ ಬೆಳೆದ್ರಿ."

ನಕ್ಕರು. ಆಮೇಲೆ ಕೋವಿ ಕೆಳಗಿಟ್ಟು ಕೇಳಿದರು: "ನಿಜ ಹೇಳಿ, ನಿಮಗ್ಯಾಕೆ ಇಷ್ಟು ಇಂಟರೆಸ್ಟು?"

"ನೆಟ್ಟಗಿರೋ ಕೋವಿ ಹೆಂಗಿರ್ತದೆ ಅಂತ ನೋಡೋ ಆಸೆ," ಅಂದೆ. ಸುಳ್ಳೇನಲ್ಲ.

ಹೊಗೆ ಕರಗಿದ ಮೇಲಿನ ಶನಿವಾರ ನೂರು ಗಜ ದೂರದ ಕಾಗದದ ಮೇಲೆ ಮೂರು ಗುಂಡು ಕಾಸಗಲ ಕುಂಕುಮದಷ್ಟು ಜಾಗದಲ್ಲಿ ಬಿದ್ದವು. ಮಹೇಶ ಕಾಗದ ಹಿಡಿದುಕೊಂಡು ಮಗುವಿನಂತೆ ಕುಣಿದರು. ಕಲಿತ ಪಾಠ ಇನ್ನೊಂದಿತ್ತು. ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿಟ್ಟ ನಳಿಗೆಯಿಂದ ಹೊರಡುವ ಮೊದಲ ಗುಂಡು ಯಾವಾಗಲೂ ಒಂದು ಅಂಗೈ ಮೇಲಕ್ಕೆ, ಬಲಕ್ಕೆ ಓಡುತ್ತದೆ. ಮೂರು ಸಲ ನೋಡಿದ್ದೆವು. ಅದಕ್ಕೇ ಹೊರಡುವ ಮುಂಚೆ ಒಣಬಟ್ಟೆಯಲ್ಲಿ ಪಸೆಯೆಲ್ಲ ಎಳೆದು ತೆಗೆಯುವುದು ನನ್ನ ಕೆಲಸವಾಯಿತು.

ಆಯುಧಪೂಜೆ ಬಂತು. ಗರಾಜಿನಲ್ಲಿ ಎರಡು ಕಾರು, ನನ್ನ ಈಳಿಗೆಮಣೆ, ಗೀತಾಳ ಲ್ಯಾಪ್‌ಟಾಪು, ಇಂಚರಳ ಸೈಕಲ್ಲು, ನಡುವೆ ಕೆಂಪು ರವಿಕೆ ಬಟ್ಟೆಯ ಮೇಲೆ ಖಾಲಿ ರೈಫಲ್ಲು. ಮನೆಗೆ ಹಿರಿಯರೆಂದು ಭಾವನೇ ಪೂಜೆಗೆ ನಿಂತರು. ದುರ್ಬೀನಿನ ಗಾಜಿಗೆ ಕುಂಕುಮ ಮೆತ್ತಿದರು. ಆಮೇಲೆ ದೀಪದ ಪಕ್ಕದಲ್ಲಿದ್ದ ಹರಳೆಣ್ಣೆಯ ಬಟ್ಟಲು ಎತ್ತಿ, ಯಾರಾದರೂ ಬೇಡ ಅನ್ನುವ ಮೊದಲೇ, ನಳಿಗೆಯ ಬಾಯಿಗೆ ಎರಡು ಚಮಚ ಸುರಿದರು.

"ಅದಕ್ಕೂ ಬಾಯಿ ಅದೆ ಕಣಪ್ಪ, ಹಬ್ಬ ಬ್ಯಾಡ್ವ? ನಮ್ ಮನೇಲಿ ವರ್ಷ ವರ್ಷ ಬಿಡ್ತಿದ್ವಿ."

ಮಹೇಶನ ಮುಖ ಆ ಎಣ್ಣೆಯನ್ನು ತಾವೇ ಕುಡಿದವರಂತಾಯಿತು. ಹಿರಿಯರಿಗೆ ಏನೆನ್ನುವುದು? ಭಾವ ಕೈ ಒರೆಸಿಕೊಂಡು, "ನಾಳೆ ನನ್ನೂ ಕರ್ಕೊಂಡ್ ಹೋಗಿ, ಒಂದೈದು ಗುಂಡು ಹೊಡೆದು ತೋರಿಸ್ತೀನಿ. ಗೀತಾ, ನೀನೂ ಬಾ ಮಗ," ಅಂದರು. ನಾನು ಕರೆಯಬೇಕೆಂದಿದ್ದವರು ತಾವಾಗಿಯೇ ಬಂದು ಬಲೆಗೆ ಬಿದ್ದರು.

ಅವರು ಹೋದ ಮೇಲೆ ಮಹೇಶ, "ಅತ್ತೆ, ಪೂರ್ತಿ ಕ್ಲೀನ್ ಆಗ್ಲೇಬೇಕು, ಇಲ್ಲಾಂದ್ರೆ ಡೇಂಜರು," ಅಂದು ನನಗೆ ಒಪ್ಪಿಸಿದರು. ಗಾಜಿನ ಕುಂಕುಮ ತೆಗೆದೆ. ಹದಿನಾರು ಚೂರು ಬಟ್ಟೆ ಎಳೆದ ಮೇಲೆ ಹರಳೆಣ್ಣೆ ಹೋಯಿತು. ಇನ್ನೂ ತೆಳ್ಳನೆಯ ಪಸೆ ಉಳಿದಿತ್ತು. ಕಣ್ಣಿಗೆ ಕಾಣದು, ಅಪಾಯವೂ ಇಲ್ಲ. ಹಾಗೇ ಬಿಟ್ಟರೆ ಭಾವನ ಮೊದಲ ಗುಂಡು ಓಡಿಹೋಗುವುದು ಖಂಡಿತ. ಸರಳು ಕೈಯಲ್ಲಿ ಹಿಡಿದು ಅಲ್ಲೇ ಕೂತೆ. ಗೀತಾಳ ಮುಂದೆ ಅವರ ಮುಖ ಹೇಗೆ ಇಳಿದೀತೆಂದು ನೆನೆಸಿಕೊಂಡೆ. ಬಾಯಲ್ಲಿ ನೀರೂರಿತು.

ಆದರೆ ಆಗ ತಪ್ಪು ಕೋವಿಯದೇ ಆಗುತ್ತಿತ್ತು. ನಾನೇ ಕೈಯಾರೆ ಅವರಿಗೆ ನೆಪ ಕೊಟ್ಟ ಹಾಗೆ. ಇನ್ನೂ ಎಂಟು ಚೂರು ಬಟ್ಟೆ ಎಳೆದೆ. ಕೊನೆಯದು ಹಾಲಿನಷ್ಟು ಬಿಳಿಯಾಗಿ ಬಂತು.

ಬೆಳಿಗ್ಗೆ ಗಾಳಿ ಇರಲಿಲ್ಲ. ಹಾಗೆ ಗಾಳಿಯ ನೆಪವೂ ಹೋಯಿತು. ಭಾವ ಮಂಕಿ ಟೋಪಿಯ ಮೇಲೆ ಕಿವಿಯ ಬಟ್ಟಲು ಹಾಕಿಕೊಂಡು ಬೆಂಚಿಗೆ ಕೂತರು. ಮಹೇಶ ಪಕ್ಕದಲ್ಲಿ ನಿಂತು ಒಂದೊಂದನ್ನೂ ತೋರಿಸಿಕೊಟ್ಟರು. ನಾನು, ಗೀತಾ ಹಿಂದೆ ನಿಂತೆವು. ಕೋವಿ ಮುಟ್ಟುವವರೆಗೆ ಆ ಕೈ ನಡುಗುತ್ತಲೇ ಇತ್ತು. ಮೊಣಕೈ ಊರಿ, ಕೆನ್ನೆಯನ್ನು ಕೋವಿಯ ಮರದ ಹಿಡಿಗೆ ಒತ್ತಿದ ಕೂಡಲೇ ನಡುಕ ನಿಂತುಬಿಟ್ಟಿತು.

ಗುಂಡು ಹಾರಿತು. ಭಾವ ದುರ್ಬೀನಿನಿಂದ ಕಣ್ಣು ತೆಗೆದು, ಆಕಾಶ ನೋಡುತ್ತ, "ಬಲಕ್ಕೆ ಒಂದು ಬೆರಳು," ಅಂದರು.

ಮಹೇಶ ಮೂರುಕಾಲಿನ ದೊಡ್ಡ ದುರ್ಬೀನಿನಲ್ಲಿ ನೋಡಿದರು. "ಹೌದು ದೊಡ್ಡಪ್ಪ! ಬಲಕ್ಕೇ!"

ಎರಡನೆಯದು. "ನಡೂಕೆ." ನಡುವಿಗೇ ಬಿದ್ದಿತ್ತು. ಮೂರು, ನಾಲ್ಕು ಅದರ ಮಗ್ಗುಲಿಗೇ. ಐದನೆಯದಕ್ಕೆ, "ಥೂ, ಕೆಟ್ಟೋಯ್ತು. ಉಸಿರು ಬಿಟ್ಬಿಟ್ಟೆ. ಎರಡು ಬೆರಳು ಕೆಳಕ್ಕೆ," ಅಂದರು. ಅಲ್ಲೇ ಇತ್ತು.

ಭಾವನ ಕೈ ನಡುಗಲಿಲ್ಲ, ಕಣ್ಣು ಮುಚ್ಚಲಿಲ್ಲ. ನಲವತ್ತು ವರ್ಷ ನಾನು ನಂಬಿದ್ದು ಐದು ಗುಂಡಿಗೆ ಹೋಯಿತು. ಹಾಗಾದರೆ ಆ ಹಳೇ ಕೋವಿ ನಿಜವಾಗಿಯೂ ಸೊಟ್ಟಗಿತ್ತು. ಅವರು ನಿಜ ಹೇಳಿದ್ದಾರೆ ಎಂದು ಸಾಬೀತು ಮಾಡಲಿಕ್ಕೆ ನಾನು ಮೂರು ತಿಂಗಳು ನಳಿಗೆ ತೊಳೆದ ಹಾಗಾಯಿತು.

"ನೋಡದೇ ಹೆಂಗೆ ಹೇಳ್ತೀರಿ ದೊಡ್ಡಪ್ಪ?" ಮಹೇಶ ಬೆರಗಾಗಿ ಕೇಳಿದರು.

ಭಾವ ಹಿಗ್ಗಿ ಹೀರೇಕಾಯಿಯಾಗಿದ್ದರು. "ಗುಂಡು ಬಿಟ್ಟೋನಿಗೆ ಅದು ಎಲ್ಲಿ ಬಿತ್ತು ಅಂತ ಗೊತ್ತಿರ್ತದೆ ಕಣಪ್ಪ. ಗೊತ್ತಾಗಲಿಲ್ಲ ಅಂದ್ರೆ ಅವನು ಬೇಟೆಗಾರನೇ ಅಲ್ಲ. ನಂಗೆ ಹದಿನೈದನೇ ವಯಸ್ಸಿಂದ್ಲೂ ಹಿಂಗೇಯ."

ನಾನು ಸುತ್ತಿಬಂದು ಅವರ ಎದುರು ನಿಂತೆ. ಅಲ್ಲಿ ಗೋಡೆ ಇರಲಿಲ್ಲ.

"ಭಾವ, ಅವತ್ತು ಎಲ್ಲಿ ಬಿತ್ತು?"

ಅವರು ತಕ್ಷಣ ತಲೆ ತಗ್ಗಿಸಿದರು. "ಅದು... ಆ ಕೋವಿ ಸೊಟ್ಟ ಇತ್ತಲ್ಲವ್ವ."

"ಸೊಟ್ಟ ಅಂತ ಗೊತ್ತಿದ್ದೋರಿಗೆ ಎಷ್ಟು ಸೊಟ್ಟ ಅಂತ್ಲೂ ಗೊತ್ತಿರ್ತದೆ. ಹದಿನೈದರಿಂದ ಅದೇ ಕೋವಿ ಹಿಡಿದೋರು ನೀವು. ಎಲ್ಲಿ ಬಿತ್ತು?"

ಪಕ್ಕದ ಬೆಂಚಿನವನು ಗುಂಡು ಹಾರಿಸಿದ. ಸದ್ದು ಬೆಟ್ಟಕ್ಕೆ ಹೋಗಿ ತಿರುಗಿ ಬಂತು. ಭಾವ ಕೋವಿಯಿಂದ ಕೈ ತೆಗೆದರು.

"ತೊಡೆಗೆ," ಅಂದರು. "ಕುಂಟ್ಕೊಂಡು ಬೇಲಿ ಕಡೆ ಹೋಯ್ತು. ನೋಡ್ದೆ."

"ಮನೇಲಿ ತಪ್ಪೋಯ್ತು ಅಂದ್ರಿ."

"ಏಟು ಬಿದ್ದದೆ ಅಂದಿದ್ರೆ ಅದರ ಹಿಂದೆ ಹೋಗಿ ಮುಗಿಸ್ಬೇಕಿತ್ತು. ಹೆದರ್ಕೆ ಆಯ್ತವ್ವ. ಬೆಳಗ್ಗೆ ಹೊತ್ಗೆ ತಾನೇ ಸತ್ತು ಬಿದ್ದಿರ್ತದೆ ಅಂದ್ಕೊಂಡೆ."

ನಾನು ಗೀತಾಳ ಕಡೆ ತಿರುಗಿದೆ. ಅವಳು ಬಂದು ದೊಡ್ಡಪ್ಪನ ಕಿವಿಯ ಬಟ್ಟಲು ತೆಗೆದು ಬೆಂಚಿನ ಮೇಲಿಟ್ಟು, ತೋಳು ಹಿಡಿದು ಎಬ್ಬಿಸಿದಳು. ನನ್ನನ್ನು ದಾಟಿ ಹೋಗುವಾಗ ಕೇಳಿದಳು:

"ಸಮಾಧಾನ ಆಯ್ತಾಮ್ಮ?"

"ಆಯ್ತು," ಅಂದೆ. ಆಗಿತ್ತು. ಸುಳ್ಳು ಯಾಕೆ ಹೇಳಲಿ.

ಭಾವ ಆಮೇಲೆ ಭಾನುವಾರದ ಊಟಕ್ಕೆ ಬರಲಿಲ್ಲ. ದೀಪಾವಳಿಗೆ ಮುಂಚೆಯೇ ಊರಿಗೆ ಹೊರಟರು. ಏರ್‌ಪೋರ್ಟಿಗೆ ಗೀತಾ ಬಿಟ್ಟು ಬಂದಳು, ನಾನು ಹೋಗಲಿಲ್ಲ. ಅವರು ಕ್ಷಮೆ ಕೇಳಲಿಲ್ಲ. ಕೇಳಿದ್ದರೂ ನಾನು ಕೊಡುತ್ತಿರಲಿಲ್ಲ, ಈಗಲೂ ಕೊಟ್ಟಿಲ್ಲ. ಚಳಿಗಾಲದಲ್ಲಿ ಮಹೇಶ ಬೇಟೆಗೆ ಹೋಗಿ ಒಂದೇ ಗುಂಡಿಗೆ ಹಂದಿಯನ್ನು ನಿಂತಲ್ಲೇ ಕೆಡವಿದರು. ಮೆಣಸು ಹಾಕಿ ನಾನೇ ಹುರಿದೆ. ಎರಡು ಸಲ ಬಡಿಸಿಕೊಂಡು ತಿಂದೆ.

ಅದಕ್ಕೆ ಮುಂಚೆ, ರೇಂಜಿನಿಂದ ಬಂದ ಮೇಲೆ ಒಂಬತ್ತು ದಿನ ಗೀತಾ ನನ್ನೊಡನೆ ಎಷ್ಟು ಬೇಕೋ ಅಷ್ಟೇ ಮಾತಾಡಿದಳು. ಹತ್ತನೆಯ ದಿನ ಮಧ್ಯಾಹ್ನ ನಾನು ಅವರೆಕಾಯಿ ಸುಲಿಯುತ್ತಿದ್ದೆ. ಅವಳು ಬಂದು ಎದುರಿಗೆ ಕೂತು ತಾನೂ ಸುಲಿಯತೊಡಗಿದಳು. ಅವಳ ಮುಖ ಊದಿಕೊಂಡಿತ್ತು.

"ಅಮ್ಮ," ಅಂದಳು, "ಅಪ್ಪ ಹೆಂಗಿದ್ರು?"

ನಲವತ್ತು ವರ್ಷದಲ್ಲಿ ಅವಳು ಕೇಳಿದ್ದು ಅದೇ ಮೊದಲು. ನಾನಾಗಿ ಹೇಳಿದ್ದೂ ಇಲ್ಲ. ಹೇಳೋಣವೆಂದು ಬಾಯಿ ತೆರೆದೆ. ನಾಲಿಗೆಗೆ ಬಂದದ್ದೆಲ್ಲ ಭಾವನ ಸುದ್ದಿಯೇ. ಗುಂಡು ಹಾರಿಸಿ ಬಂದ ಆ ಸಂಜೆ ಭಾವ ಹೊದ್ದಿದ್ದ ಕಂಬಳಿಯ ಅಂಚು ಯಾವ ಬಣ್ಣ, ಬಾಗಿಲ ಹತ್ತಿರ ಎಷ್ಟು ಸಲ ಕೆಮ್ಮಿದರು, ಎಲ್ಲ ನೆನಪಿದೆ. ಅದೇ ಸಂಜೆ ಅದೇ ಮನೆಯೊಳಗೆ ನಮ್ಮವರು ಏನು ಮಾಡುತ್ತಿದ್ದರು? ಮಗುವನ್ನು ಎತ್ತಿಕೊಂಡಿದ್ದರೇ? ನನ್ನ ಜೊತೆ ಏನಾದರೂ ಮಾತಾಡಿದರೇ? ಹುಡುಕಿದೆ. ಸಿಗಲಿಲ್ಲ. ಅವಳು ಕಾಯುತ್ತಿದ್ದಳು.

"ಉಪ್ಪು ಜಾಸ್ತಿ ತಿಂತಿದ್ರು," ಅಂದೆ.

"ಹೂಂ," ಅಂದಳು ಗೀತಾ. "ಆಮೇಲೆ?"